ಬೆನ್ನಿನ ಪರವಾಗಿ ನಾಲ್ಕು ವಿಮಾನ

ತಿ. ನರಸೀಪುರ
೩ ಮಾರ್ಚ್ ೨೦೨೫

ಸ್ವಾಮಣ್ಣನಿಗೆ ರಾಚಯ್ಯನ ನಮಸ್ಕಾರ.

ಅಕ್ಷರ ಗುರುತು ಹಿಡಿದ ಕೂಡಲೇ ಕಾಗದ ಮಡಿಸಿಡಬೇಡ. ಇಪ್ಪತ್ತೆರಡು ವರ್ಷ ಒಂದೇ ಬಸ್ಸಿನಲ್ಲಿ ನೀನು ಸ್ಟೇರಿಂಗ್ ಹಿಡಿದೆ, ನಾನು ಸೀಟಿ ಊದಿದೆ. ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ ಎಷ್ಟು ಗುಂಡಿ ಇವೆ ಎಂದು ನಮ್ಮಿಬ್ಬರಷ್ಟು ಬಲ್ಲವರು ಯಾರೂ ಇಲ್ಲ. ಅಷ್ಟಕ್ಕಾದರೂ ಎರಡು ಪುಟ ಓದು.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ನನ್ನ ನಂಬರು ಬ್ಲಾಕ್ ಮಾಡಿದ್ದೀಯ ಎಂದು ನಿನ್ನ ಮಗಳು ಶ್ವೇತಾಳೇ ಹೇಳಿದಳು. ಅದಕ್ಕೆ ಈ ದಾರಿ ಹಿಡಿದೆ. ನಾನು ಬರೆದದ್ದರ ಫೋಟೋ ತೆಗೆದು ನಂಜನಗೂಡು ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯ ಶಿವರಾಜುವಿಗೆ ಕಳಿಸುತ್ತೇನೆ. ಅವನು ಪ್ರಿಂಟ್ ಹಾಕಿ ಕವರಿನಲ್ಲಿಟ್ಟು ನಿನ್ನ ಕೈಗೆ ಕೊಡುತ್ತಾನೆ. ದಿನಾ ಪೇಪರ್ ಓದಲು ಅವನ ಬೆಂಚಿಗೇ ಹೋಗುತ್ತೀಯಂತೆ. ಕವರಿಗೆ ಹಾಕುವ ಮೊದಲು ಅವನು ಓದುವುದಂತೂ ಗ್ಯಾರಂಟಿ. ಓದಲಿ ಬಿಡು, ಹನ್ನೊಂದು ವರ್ಷ ನಮ್ಮ ಬಸ್ಸಿನಲ್ಲಿ ಪಾಸ್ ಇಟ್ಟುಕೊಂಡು ಓಡಾಡಿದವನು.

ಈ ಗುರುವಾರ ನಾನು ಆಫ್ರಿಕಾಕ್ಕೆ ಹೊರಟಿದ್ದೇನೆ. ಜಾಂಬಿಯಾ ದೇಶದ ಎನ್‌ಡೋಲಾ ಎಂಬ ಊರು. ನಿನ್ನ ಮಗ ಅಮೃತೇಶ ನಮ್ಮ ಕಡೆಯ ತಾಂಡ್ಯದ ಕಾರ್ಖಾನೆಯಲ್ಲಿ ಕಲಿತ ಕೆಲಸದಿಂದ ಅಲ್ಲಿನ ಸಾಬೂನು ಫ್ಯಾಕ್ಟರಿಯ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದಾನೆ. ನನ್ನ ಮಗಳು ಬಿಂದುಶ್ರೀ ಅಲ್ಲೇ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ಇದೆಲ್ಲ ನಿನಗೆ ಗೊತ್ತು, ಗೊತ್ತಿಲ್ಲದವನ ಹಾಗೆ ಇರುತ್ತೀಯ. ಡಿಸೆಂಬರಿನಲ್ಲಿ ಅವರಿಬ್ಬರಿಗೆ ಹೆಣ್ಣುಮಗು ಹುಟ್ಟಿತು. ಬಾಣಂತನಕ್ಕೆಂದು ಹೋದ ನನ್ನ ಹೆಂಡತಿ ಮಲ್ಲಾಜಮ್ಮನನ್ನು ಕರೆದುಕೊಂಡು ಬರಬೇಕು, ಮಗುವನ್ನೂ ನೋಡಬೇಕು.

ಅಮೃತೇಶ ನಿನಗೂ ಟಿಕೆಟ್ ತೆಗೆಸುತ್ತೇನೆ ಎಂದ. ನೀನು ಶ್ವೇತಾಳ ಕೈಲಿ ಹೇಳಿ ಕಳಿಸಿದ ಉತ್ತರ ನನಗೆ ಬಾಯಿಪಾಠವಾಗಿದೆ: “ನನ್ ಬೆನ್ನು ಅಷ್ಟೊತ್ತು ಕೂರಕ್ಕೆ ಬುಡಾಕಿಲ್ಲ ಅನ್ನು.” ಅವರ ಮದುವೆಯಾಗಿ ಆರು ವರ್ಷ. ಆರು ವರ್ಷದಿಂದ ಮಗನ ಮುಖ ನೋಡಿಲ್ಲ, ಈಗ ಮೊಮ್ಮಗಳ ಮುಖವನ್ನೂ ನೋಡುವುದಿಲ್ಲ, ಎಲ್ಲದಕ್ಕೂ ಬೆನ್ನೇ ಅಡ್ಡ. ಸರಿ, ಬೆನ್ನೇ ಇರಲಿ. ಮೂವತ್ತು ವರ್ಷ ಆ ಹಾಳು ಸೀಟಿನ ಮೇಲೆ ಕುಕ್ಕಿಸಿಕೊಂಡ ಬೆನ್ನು, ನೋವಿರುವುದು ಸುಳ್ಳಲ್ಲ.

ಬಿಂದು ಅಗ್ಗದ ಟಿಕೆಟ್ ಹುಡುಕಿದ್ದರಿಂದ ನನಗೆ ನಾಲ್ಕು ವಿಮಾನ. ಬೆಂಗಳೂರಿನಿಂದ ಆಡಿಸ್ ಅಬಾಬ, ಅಲ್ಲಿಂದ ನೈರೋಬಿ, ನೈರೋಬಿಯಿಂದ ಲುಸಾಕಾ, ಲುಸಾಕಾದಿಂದ ಎನ್‌ಡೋಲಾ. ನಾಲ್ಕೂ ಬೇರೆ ಬೇರೆ ಕಂಪನಿಯವು. ಚೆಕಿಂಗ್ ಇನ್‌ಸ್ಪೆಕ್ಟರ್ ಹಾಗೆ ಒಂದೊಂದನ್ನೂ ನೋಡಿ ನಿನಗೆ ವರದಿ ಬರೆಯುತ್ತೇನೆ. ಕಂಪನಿಗಳ ಹೆಸರು ಮಾತ್ರ ಬರೆಯುವುದಿಲ್ಲ. ಒಂದು ಕಾರ್ಪೊರೇಷನ್ನಿನ ಅನ್ನ ತಿಂದವನು ಇನ್ನೊಬ್ಬರ ಹೆಸರು ಕೆಡಿಸಬಾರದು. ನಾನು ಹೋಗುತ್ತಿರುವುದು ನಿನ್ನ ಬೆನ್ನಿನ ಪರವಾಗಿ ಎಂದು ತಿಳಿದುಕೋ.

ಬೇಡವೆಂದರೂ ಬರೆಯುವ,
ರಾಚಯ್ಯ


ಆಡಿಸ್ ಅಬಾಬ ವಿಮಾನ ನಿಲ್ದಾಣ
೭ ಮಾರ್ಚ್ ೨೦೨೫

ಸ್ವಾಮಣ್ಣ,

ಮೊದಲನೇ ವಿಮಾನ ಇಳಿದು ಎರಡನೆಯದಕ್ಕೆ ಕಾಯುತ್ತಿದ್ದೇನೆ. ಇಲ್ಲಿ ಮೈ ನಡುಗುವ ಚಳಿ. ಬಿಸಿ ಕಾಫಿ ಸಣ್ಣ ಬಟ್ಟಲಲ್ಲಿ ಕೊಟ್ಟರು, ಕಷಾಯದಷ್ಟು ಗಟ್ಟಿ. ನಿನಗೆ ಹಿಡಿಸುತ್ತದೆ.

ಏಳು ಗಂಟೆ ಕೂತಿದ್ದೆ. ಮೊದಲು ನನ್ನ ಮರ್ಯಾದೆ ಹೋದ ಕಥೆ ಕೇಳು. ವಿಮಾನ ಮೇಲೇರಿದ ಸ್ವಲ್ಪ ಹೊತ್ತಿಗೆ ‘ಟಿಂಗ್’ ಎಂದು ಬೆಲ್ಲಾಯಿತು. ನಾನು ಎದ್ದು ನಿಂತುಬಿಟ್ಟೆ! ಯಾರೋ ಇಳಿಯುತ್ತಾರೆ ಎಂದು ಕಾಲು ತಾನೇ ಎದ್ದಿತು. ಪಕ್ಕದ ಮಲಯಾಳಿ ಹುಡುಗಿ ನನ್ನ ಅಂಗಿ ಹಿಡಿದು ಕೂರಿಸಿದಳು.

ಸೀಟಿನ ವಿಷಯ. ಮೊಣಕಾಲಿಗೂ ಮುಂದಿನ ಸೀಟಿಗೂ ನಾಲ್ಕು ಬೆರಳು ಜಾಗ. ಗುಂಡಿ ಒತ್ತಿದರೆ ಹಿಂದಕ್ಕೆ ಒರಗುತ್ತದೆ, ಆದರೆ ಹಿಂದಿನವನ ಊಟ ಅವನ ಮಡಿಲಿಗೆ ಬೀಳದಂತೆ ನೋಡಿಕೊಳ್ಳಬೇಕು. ನಾನು ಒಂದು ದಿಂಬು ಸೊಂಟದ ಗುಳಿಗೆ ಇಟ್ಟುಕೊಂಡೆ. ನಾಲ್ಕು ಗಂಟೆ ಹೊತ್ತು ಆರಾಮ. ಆಮೇಲೆ ಇನ್ನೊಂದು ಕೇಳಿದೆ. ಯಾಕೆ ಎಂದು ಕೇಳದೆ ಕೊಟ್ಟಳು ವಿಮಾನದ ಸಿಬ್ಬಂದಿ ಹೆಣ್ಣುಮಗಳು. “ಫ್ರೆಂಡ್ ಬ್ಯಾಕ್ ಪೇನ್” ಎಂದೆ. ಫ್ರೆಂಡ್ ಎಲ್ಲಿ ಎಂದು ಅವಳು ಸುತ್ತ ಹುಡುಕಿದಳು. “ನಾಟ್ ಕಮಿಂಗ್” ಎಂದೆ.

ಹಿಂದುಗಡೆ ಅಡುಗೆ ಮಾಡುವ ಮೂಲೆಯ ಹತ್ತಿರ ನಿಲ್ಲಲು ಸ್ವಲ್ಪ ಜಾಗ ಇದೆ. ಎರಡು ಗಂಟೆಗೊಮ್ಮೆ ಅಲ್ಲಿಗೆ ಹೋಗಿ ನಿಂತೆ. ಯಾರೂ ಗದರಲಿಲ್ಲ. ಅದಕ್ಕೆ ನೀನು ಓಣಿ ಕಡೆಯ ಸೀಟೇ ಕೇಳಬೇಕು, ಕಿಟಕಿ ಆಸೆ ಬೇಡ. ಮೋಡ ನೋಡಿ ಏನು ಮಾಡುತ್ತೀಯ.

ಒಂದು ವಿಷಯ ನೋಡಿ ನಾಚಿಕೆಯಾಯಿತು. ಕಿವಿ ಸರಿಯಾಗಿ ಕೇಳಿಸದ ಒಬ್ಬ ಮುದುಕಿಗೆ ಏನೋ ಹೇಳಬೇಕಿತ್ತು. ಆ ಸಿಬ್ಬಂದಿ ಹುಡುಗಿ ಓಣಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಅಜ್ಜಿಯ ಮುಖಕ್ಕೆ ಮುಖ ಕೊಟ್ಟು ಮೆಲ್ಲಗೆ ಹೇಳಿದಳು. ನಾನು ಸರ್ವಿಸಿನಲ್ಲಿ ಒಂದು ದಿನವೂ ಹಾಗೆ ಮಾಡಲಿಲ್ಲ. “ಏಯ್ ಅಜ್ಜಿ, ಎಲ್ಗಮ್ಮಾ, ಬೇಗ ಹೇಳು” ಎಂದು ನಿಂತೇ ಕೂಗುತ್ತಿದ್ದೆ. ನೀನು ಕನ್ನಡಿಯಲ್ಲಿ ನೋಡಿ ನಗುತ್ತಿದ್ದೆ.

ಈ ವಿಮಾನಕ್ಕೆ ಹತ್ತಕ್ಕೆ ಎಂಟು. ಇಳಿಸಿದ್ದೂ ಚೆನ್ನಾಗಿತ್ತು.

ಇಂತಿ ಚಳಿಯಲ್ಲಿರುವ,
ರಾಚಯ್ಯ


ನಂಜನಗೂಡು
೮ ಮಾರ್ಚ್ ೨೦೨೫

ರಾಚಯ್ಯ,

ಇನ್ನು ಬರೆಯಬೇಡ ಎಂದು ಹೇಳುವುದಕ್ಕಷ್ಟೇ ಈ ನಾಲ್ಕು ಸಾಲು. ಶಿವರಾಜು ನಿನ್ನ ಕಾಗದವನ್ನು ಆಧಾರ್ ಕಾರ್ಡ್ ಜೆರಾಕ್ಸಿಗೆ ಬಂದವರಿಗೆಲ್ಲ ಓದಿ ಹೇಳುತ್ತಿದ್ದಾನೆ. ಇವತ್ತು ತರಕಾರಿ ಅಂಗಡಿಯವನು ನನ್ನನ್ನು ತಡೆದು, “ಎಲ್ಡ್ ದಿಂಬು ಕೇಳುದ್ರೂ ಕೊಡ್ತಾರಂತಲ್ಲಾ ಡ್ರೈವರ್ ಸಾ” ಎಂದ. ಈ ವಯಸ್ಸಿನಲ್ಲಿ ನನಗೆ ಇದು ಬೇಕಾ?

ಇನ್ನೊಂದು. ಬರೆಯುವುದಾದರೆ ಸರಿಯಾಗಿ ಬರೆಯಬೇಕು. ‘ಇಳಿಸಿದ್ದೂ ಚೆನ್ನಾಗಿತ್ತು’ ಎಂದರೆ ಏನು? ಹಿಂದಿನ ಚಕ್ರ ಮೊದಲು ಮುಟ್ಟಿತೋ, ಎಲ್ಲ ಒಟ್ಟಿಗೆ ಕುಕ್ಕಿತೋ? ಬ್ರೇಕ್ ಒಂದೇ ಸಲ ಹಿಡಿದನೋ, ಬಿಟ್ಟು ಬಿಟ್ಟು ಹಿಡಿದನೋ? ಸೀಟು ಮೆತ್ತಗೋ ಗಟ್ಟಿಯೋ? ಮೆತ್ತನೆಯದು ನನ್ನ ಬೆನ್ನಿಗೆ ವಿಷ. ಕಂಡಕ್ಟರ್‌ಗಳಿಗೆ ಇಂಥದ್ದು ಯಾವತ್ತೂ ಗಮನಕ್ಕೆ ಬರುವುದಿಲ್ಲ.

ಕೇಳಿದ್ದು ಬರುವುದಕ್ಕಲ್ಲ, ಸುಮ್ಮನೆ ತಿಳಿದುಕೊಳ್ಳುವುದಕ್ಕೆ.

ಮಹಾದೇವಸ್ವಾಮಿ


ಎನ್‌ಡೋಲಾ
೧೦ ಮಾರ್ಚ್ ೨೦೨೫

ಸ್ವಾಮಣ್ಣ,

ಬಂದು ತಲುಪಿದೆ. ಶಿವರಾಜು ಕಳಿಸಿದ ಫೋಟೋದಲ್ಲಿ ನಿನ್ನ ಕಾಗದ ಸಿಕ್ಕಿತು. ನೀನು ಬೈದು ಬರೆದದ್ದನ್ನು ಅಮೃತೇಶ ಪ್ರಿಂಟ್ ಹಾಕಿಸಿ ಎರಡು ಸಲ ಓದಿದ. ಆಮೇಲೆ ಮಡಿಸಿ ತನ್ನ ಜೇಬಿನಲ್ಲಿಟ್ಟುಕೊಂಡ.

ಎರಡನೇ ವಿಮಾನದ ವರದಿ ಮೊದಲು ಕೊಡುತ್ತೇನೆ. ಒಂದೂವರೆ ಗಂಟೆ ತಡ. ಯಾಕೆ ತಡ ಎಂದು ಒಬ್ಬರೂ ಹೇಳಲಿಲ್ಲ. ಸಿಬ್ಬಂದಿಗೆ ನಗು ಇಲ್ಲ, ನೀರು ಕೇಳಿದರೆ ಲೋಟ ಟಕ್ಕೆಂದು ಇಟ್ಟು ಹೋದರು. ಜಾತ್ರೆ ದಿನ ನಾವೂ ಹಾಗೇ ಇರುತ್ತಿದ್ದೆವು, ಅದಕ್ಕೆ ನಾನು ತಪ್ಪು ತಿಳಿಯಲಿಲ್ಲ. ಆದರೆ ಸೀಟು ಕೇಳು! ಹಲಗೆಯಂಥ ಸೀಟು. ಮಲಯಾಳಿಗಳೂ ಗುಜರಾತಿಗಳೂ ಗೊಣಗುತ್ತಿದ್ದರು, ನಾನು ಒಬ್ಬನೇ ಖುಷಿಯಲ್ಲಿದ್ದೆ, ಸ್ವಾಮಣ್ಣನಿಗೆ ಹೇಳಿ ಮಾಡಿಸಿದ ಸೀಟು ಎಂದು. ಸೇವೆಗೆ ಮೂರು ಅಂಕ, ನಿನ್ನ ಬೆನ್ನಿಗೆ ಒಂಬತ್ತು. ಇಳಿಯುವಾಗ ಕುಕ್ಕಿದ. ಹಿಂದಿನ ಚಕ್ರ ಮೊದಲು, ಆಮೇಲೆ ಮುಂದಿನದು, ಬ್ರೇಕ್ ಒಂದೇ ಸಲ. ಸಾಕಾ?

ನೈರೋಬಿಯಲ್ಲಿ ಒಂದು ರಾತ್ರಿ ಕಳೆದು ಮೂರನೆಯದನ್ನು ಹತ್ತಿದೆ. ಅದು ಲಿಲಾಂಗ್ವೆ ಎಂಬ ಊರಿನಲ್ಲಿ ಮಧ್ಯೆ ಒಮ್ಮೆ ಇಳಿದು ಲುಸಾಕಾಕ್ಕೆ ಹೋಗುತ್ತದೆ. ಅಲ್ಲಿ ಇಳಿಯುವವರು ಇಳಿಯುತ್ತಾರೆ, ಮುಂದಕ್ಕೆ ಹೋಗುವವರು ಕೂತಲ್ಲೇ ಇರಬೇಕು. ಬಿಂದು ಫೋನಿನಲ್ಲಿ ನಾಲ್ಕು ಸಲ ಹೇಳಿದ್ದಳು: “ಅಪ್ಪಾ, ಲಿಲಾಂಗ್ವೆಲಿ ಇಳೀಬೇಡ.”

ಇಳಿದೆ.

ನನ್ನ ಪಕ್ಕದಲ್ಲಿ ಆ ಊರಿನ ಒಬ್ಬ ಅಜ್ಜಿ. ಮೇಲಿನ ಗೂಡಿನಲ್ಲಿ ಅವಳ ಎರಡು ದಪ್ಪ ಚೀಲ. ವಿಮಾನ ನಿಂತು ಬಾಗಿಲು ತೆರೆದ ಕೂಡಲೇ ನಾನು ಎದ್ದು ಚೀಲ ಇಳಿಸಿದೆ, ಅವಳ ಮುಂದೆ ಮುಂದೆ ಹೋಗಿ ಮೆಟ್ಟಿಲು ಇಳಿದೆ, ಕೈ ಕೊಟ್ಟು ಅವಳನ್ನೂ ಇಳಿಸಿದೆ, ಚೀಲ ಹೊತ್ತುಕೊಂಡು ಕಟ್ಟಡದ ಒಳಗಿನ ತನಕ ಬಿಟ್ಟೆ. ನಿಲ್ದಾಣದಲ್ಲಿ ಬಸ್ಸು ನಿಂತರೆ ಕಂಡಕ್ಟರ್ ಇಳಿಯದೆ ಇರುತ್ತಾನಾ? ಅಜ್ಜಿ ನನ್ನ ಎರಡೂ ಕೈ ಹಿಡಿದು ಏನೋ ಹರಸಿದಳು. ನಾನು ತಿರುಗಿ ಬಾಯಿಗೆ ಸೀಟಿ ಇಡಲು ಹೋದೆ, ಆಗ ನೆನಪಾಯಿತು ನಾನು ಪ್ಯಾಸೆಂಜರ್ ಎಂದು. ನನ್ನ ಹಿಂದೆ ಕಟ್ಟಡದ ಬಾಗಿಲು ಮುಚ್ಚಿತ್ತು. ಸುತ್ತ ಎಲ್ಲ ಗುರುತಿಲ್ಲದ ಮುಖ, ಗುರುತಿಲ್ಲದ ಭಾಷೆ. ಪಾಸ್‌ಪೋರ್ಟ್ ಇದ್ದ ಚೀಲ ಸೀಟಿನಲ್ಲಿ. ಸ್ವಾಮಣ್ಣ, ಅರವತ್ತೆರಡು ವರ್ಷಕ್ಕೆ ನಾನು ಮೊದಲ ಸಲ ಭಯದಿಂದ ಅತ್ತೆ.

ಆ ಕಡೆ ವಿಮಾನದೊಳಗೆ ಏನಾಯಿತು ಎಂದು ಆಮೇಲೆ ತಿಳಿಯಿತು. ಹಿರಿಯ ಸಿಬ್ಬಂದಿ ಹೆಂಗಸು ಕೈಯಲ್ಲಿ ಟಿಕ್ ಟಿಕ್ ಎನ್ನುವ ಸಣ್ಣ ಯಂತ್ರ ಹಿಡಿದು ತಲೆ ಎಣಿಸಿದಳು. ಒಂದು ಕಡಿಮೆ. ಮತ್ತೆ ಎಣಿಸಿದಳು. ಒಂದು ಕಡಿಮೆ. ಡ್ರೈವರ್‌ಗೆ ಹೇಳಿದಳು. ಅವನು ಹೊರಡಲಿಲ್ಲ. ಹಸಿರು ಜಾಕೆಟ್ ಹಾಕಿದ ಒಬ್ಬ ಓಡಿ ಬಂದು “ಲುಸಾಕಾ? ಲುಸಾಕಾ?” ಎಂದು ಕಟ್ಟಡವೆಲ್ಲ ಕೂಗಿ ನನ್ನನ್ನು ಹುಡುಕಿದ. ಇಪ್ಪತ್ತೈದು ನಿಮಿಷ ನಿಲ್ಲಿಸಿದ್ದರು. ನಾನು ಮೆಟ್ಟಿಲು ಹತ್ತಿದಾಗ ಆ ಹೆಂಗಸು ನನ್ನ ಭುಜ ಮುಟ್ಟಿ, ಯಂತ್ರವನ್ನು ಒಂದು ಸಲ ಟಿಕ್ ಎನಿಸಿ ನಕ್ಕಳು. ಕೂತಿದ್ದವರಲ್ಲಿ ಇಬ್ಬರು ಚಪ್ಪಾಳೆ ಹೊಡೆದರು. ಆ ವಿಮಾನದ ಸೀಟು ಹೇಗಿತ್ತು, ಊಟ ಹೇಗಿತ್ತು, ಒಂದೂ ನೆನಪಿಲ್ಲ. ಅದಕ್ಕೆ ಹತ್ತಕ್ಕೆ ಹತ್ತು.

ನಾಲ್ಕನೆಯದು ಸಣ್ಣದು, ರೆಕ್ಕೆಗೆ ಫ್ಯಾನ್ ಇರುವಂಥದ್ದು. ಡ್ರೈವರ್ ಒಬ್ಬ ಹೆಣ್ಣುಮಗಳು. ಮುಟ್ಟಿದ್ದೇ ಗೊತ್ತಾಗದ ಹಾಗೆ ಇಳಿಸಿದಳು. ನಿನಗಿಂತ ಚೆನ್ನಾಗಿ ಎಂದು ಬೇಕಂತಲೇ ಬರೆಯುತ್ತಿದ್ದೇನೆ.

ಈಗ ಆರು ವರ್ಷದಿಂದ ಬರೆಯದೆ ಇದ್ದದ್ದನ್ನು ಬರೆಯುತ್ತೇನೆ. ಮಕ್ಕಳು ರಿಜಿಸ್ಟರ್ ಮದುವೆಯಾದ ದಿನ ನಮ್ಮೂರ ಭವನದಲ್ಲಿ ಊಟ ಇಟ್ಟಿದ್ದೆ. ನೀನು ರಜೆ ಹಾಕಲಿಲ್ಲ, ಡ್ಯೂಟಿಗೆ ಹೋದೆ. ಮಧ್ಯಾಹ್ನದ ಟ್ರಿಪ್ಪಿಗೆ ನಮ್ಮ ಬಸ್ಸು ಭವನದ ಮುಂದೆಯೇ ಬರುತ್ತದೆ ಎಂದು ನಾನು ಹೊಸ ಪಂಚೆ ಉಟ್ಟು ರಸ್ತೆಯಲ್ಲಿ ನಿಂತೆ. ಕೈ ತೋರಿಸಿದೆ. ನಿನಗೆ ನಾನು ಕಂಡೆ. ನೀನು ನಿಲ್ಲಿಸಲಿಲ್ಲ. ಮಾರನೇ ದಿನ ನೀನು ಡಿಪೊಗೆ ಹೋಗಿ ಕಂಡಕ್ಟರ್ ಬದಲಿಸಿಕೊಡಿ ಎಂದೆ. ಜಾತಿ ಎಂಬ ಮಾತನ್ನು ನೀನು ಬಾಯಲ್ಲಿ ಆಡಲಿಲ್ಲ, ಅದು ನಿನ್ನ ದೊಡ್ಡತನ ಎಂದು ನಾನೇ ಎಷ್ಟೋ ದಿನ ಸಮಾಧಾನ ಹೇಳಿಕೊಂಡೆ. ಹೆಸರೂ ಗೊತ್ತಿಲ್ಲದವರು ನನ್ನೊಬ್ಬನಿಗಾಗಿ ಇಷ್ಟು ದೊಡ್ಡ ವಿಮಾನ ನಿಲ್ಲಿಸಿದರು ಸ್ವಾಮಣ್ಣ. ನೀನು ಬಸ್ಸು ನಿಲ್ಲಿಸಲಿಲ್ಲ.

ಮಗುವಿನ ಬಗ್ಗೆ ಬರೆಯುವುದಿಲ್ಲ. ಬಂದು ನೋಡಬೇಕಾದ್ದನ್ನು ಬರೆದು ತೀರಿಸಬಾರದು.

ರಾಚಯ್ಯ


ಶಿವರಾಜು ಜೆರಾಕ್ಸ್, ನಂಜನಗೂಡು
೧೭ ಏಪ್ರಿಲ್ ೨೦೨೫

ರಾಚಯ್ಯಣ್ಣನವರಿಗೆ ಶಿವರಾಜು ಬೇಡುವ ಆಶೀರ್ವಾದ.

ನೀವು ಬರೆದದ್ದಕ್ಕೆ ಡ್ರೈವರ್ ಸಾರಿಂದ ಉತ್ತರ ಇಲ್ಲ ಎಂದು ಬೇಜಾರಾಗಿರುತ್ತೀರಿ. ಆ ದೊಡ್ಡ ಕಾಗದವನ್ನು ನಾನು ಯಾರಿಗೂ ಓದಿ ಹೇಳಲಿಲ್ಲ, ನಿಮ್ಮಾಣೆ. ಓದಿ ಕವರಿಗೆ ಅಂಟು ಹಾಕಿ ಕೊಟ್ಟೆ. ಅವರು ಬೆಂಚಿನ ಮೇಲೆ ಕೂತು ಓದಿದರು. ಆಮೇಲೆ ಒಂದು ತಿಂಗಳು ಪೇಪರ್ ಓದಲೂ ಬರಲಿಲ್ಲ.

ನಿನ್ನೆ ಬಂದರು. ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆಯಬೇಕು ಅಂದರು. ನಾನು “ಯಾವುದಕ್ಕೆ ಸಾ, ಪಿಂಚಣಿ ಆಪೀಸ್ಗಾ?” ಎಂದೆ. “ಕೇಳ್ದಷ್ಟು ತೆಗಿ ಕಣ್ಲಾ” ಅಂದರು. ಬಾಚಣಿಗೆ ಕೇಳಿ ತಲೆ ಬಾಚಿಕೊಂಡರು. ನಾನು ಹೇಳಿದೆ ಎಂದು ಬರೆದೀರಿ, ಅಂಗಡಿ ಕಡೆ ಬರುವುದೇ ನಿಲ್ಲಿಸುತ್ತಾರೆ.

ನಿಮ್ಮ,
ಶಿವರಾಜು


ದಾರ್ ಎಸ್ ಸಲಾಮ್
೧೨ ಮೇ ೨೦೨೫

ಸ್ವಾಮಣ್ಣ,

ವಾಪಸ್ ಬರುವ ದಾರಿ ಬೇರೆ. ಈಗ ಸಮುದ್ರದ ಪಕ್ಕದ ಊರಿನಲ್ಲಿ ಕೂತಿದ್ದೇವೆ, ಇಲ್ಲಿಂದ ಮುಂಬೈ. ಹಿಂದಿನ ಕಾಗದ ಖಾರವಾಯಿತು. ಬರೆದದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ, ಆದರೆ ವರದಿ ಪೂರ್ತಿ ಮಾಡಬೇಕು, ಅದಕ್ಕೆ ಬರೆಯುತ್ತಿದ್ದೇನೆ.

ಮಲ್ಲಾಜಮ್ಮನ ಮೊಣಕಾಲು ನಿನಗೆ ಗೊತ್ತಲ್ಲ. ವಿಮಾನ ನಿಲ್ದಾಣದ ಬಾಗಿಲಲ್ಲೇ ಗಾಲಿ ಕುರ್ಚಿ ತಂದರು. ಅವಳು, “ನಾನೇನ್ ಆಸ್ಪತ್ರೆಗ್ ಓಗ್ತಿದ್ದೀನಾ? ಬ್ಯಾಡ ಅನ್ನು” ಎಂದು ಗಲಾಟೆ ಮಾಡಿದಳು. ಕೂತು ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಸಾಲಿನಲ್ಲಿ ನಿಂತವರನ್ನೆಲ್ಲ ಹಿಂದಿಕ್ಕಿ ಮೊದಲು ಹೋದೆವು. ಆಮೇಲೆ ಅವಳು ಇಳಿಯಲು ಒಪ್ಪಲೇ ಇಲ್ಲ. ನನ್ನ ಕಡೆ ತಿರುಗಿ, “ಬಿರ್ರನೆ ಬನ್ನಿ, ಇಂದೆ ಬೀಳಬ್ಯಾಡಿ” ಎನ್ನುತ್ತಿದ್ದಳು. ಇದನ್ನು ಯಾಕೆ ಬರೆದೆ ಎಂದರೆ, ಟಿಕೆಟ್ ತೆಗೆಸುವಾಗಲೇ ಹೇಳಿದರೆ ನಿನಗೂ ಕುರ್ಚಿ ಬರುತ್ತದೆ. ನಾಚಿಕೆ ಏನಿಲ್ಲ.

ಈ ವಿಮಾನದ ಸಿಬ್ಬಂದಿ ತಾಯಿಯ ಹಾಗೆ ನೋಡಿಕೊಂಡರು, ಆದರೆ ಸೀಟು ಸೋಫಾ. ನಿನಗೆ ಆಗುವುದಿಲ್ಲ. ಹೋಗುವ ದಾರಿಯಲ್ಲಿ ಬಂದ ನಾಲ್ಕೇ ನಿನಗೆ ಸರಿ.

ಬರುವಾಗ ಬಿಂದು ಅತ್ತಳು. ಅಮೃತೇಶ ನಮ್ಮ ಪೆಟ್ಟಿಗೆ ಎತ್ತಿ ಕೊಟ್ಟು, “ಅಪ್ಪಂಗೆ ಹೇಳಿ ಮಾವ” ಎಂದ. ಏನು ಹೇಳಲಿ ಎಂದೆ. ಸುಮ್ಮನೆ ನಿಂತ. ಅಷ್ಟನ್ನು ನಿನಗೆ ಹೇಳಿದ್ದೇನೆ.

ರಾಚಯ್ಯ


ನಂಜನಗೂಡು
೨೫ ಮೇ ೨೦೨೫

ರಾಚ,

ಪಾಸ್‌ಪೋರ್ಟ್ ಬಂತು. ಶಿವರಾಜು ನಿನಗೆ ಮೊದಲೇ ಹೇಳಿರುತ್ತಾನೆ, ಅವನ ಬಾಯಿ ನನಗೆ ಗೊತ್ತಿಲ್ಲವಾ. ವಿಚಾರಣೆಗೆ ಬಂದ ಪೊಲೀಸಿನವನು “ಎಲ್ಲಿಗೆ ಯಜಮಾನ್ರೇ?” ಎಂದ. “ಮಗನ ಮನೆಗೆ” ಎಂದೆ. ಆ ಮಾತನ್ನು ಆರು ವರ್ಷದ ಮೇಲೆ ಆಡಿದೆ. 

ಈ ಕಾಗದವನ್ನು ಅಂಚೆಗೆ ಹಾಕುತ್ತಿದ್ದೇನೆ, ಅವನ ಅಂಗಡಿಗೆ ಕೊಡುವುದಿಲ್ಲ. ಇದನ್ನು ನೀನೊಬ್ಬನೇ ಓದು.

ಬೆನ್ನಲ್ಲ ಕಣೋ. ಬೆನ್ನು ನೋಯುತ್ತದೆ, ಅದು ನಿಜ. ಆದರೆ ಅದು ಬೆನ್ನಲ್ಲ.

ಅವತ್ತು ನೀನು ನನಗೆ ದೂರದಿಂದಲೇ ಕಂಡೆ. ಬಿಳೀ ಪಂಚೆ, ಎತ್ತಿದ ಕೈ. ನನ್ನ ಕಾಲು ಬ್ರೇಕಿನ ಮೇಲೆ ಹೋಯಿತು, ಬಸ್ಸು ಸ್ವಲ್ಪ ನಿಧಾನವೂ ಆಯಿತು. ಆಗ ಕನ್ನಡಿ ನೋಡಿದೆ. ಎರಡನೇ ಸೀಟಿನಲ್ಲಿ ನಮ್ಮ ಷಡ್ಡಕ ಶಂಭುಲಿಂಗಪ್ಪ ಕೂತಿದ್ದ. ಅವನು ನನ್ನನ್ನೇ ನೋಡುತ್ತಿದ್ದ, ಏನು ಮಾಡುತ್ತಾನೋ ನೋಡೋಣ ಎನ್ನುವ ಹಾಗೆ. ನಾನು ಕಾಲು ತೆಗೆದೆ. ಅಷ್ಟೇ ನಡೆದದ್ದು. ಒಬ್ಬ ನೆಂಟನ ಮುಖಕ್ಕೆ ಹೆದರಿ ಬ್ರೇಕಿನಿಂದ ಕಾಲು ತೆಗೆದೆ. ಮುಂದೆ ಹೋದ ಮೇಲೆ ಪಕ್ಕದ ಕನ್ನಡಿಯಲ್ಲಿ ನೀನು ಕಂಡೆ. ಕೈ ಇನ್ನೂ ಇಳಿಸಿರಲಿಲ್ಲ.

ಮಾರನೇ ದಿನ ಕಂಡಕ್ಟರ್ ಬದಲಿಸಿ ಎಂದದ್ದು ಕೋಪಕ್ಕಲ್ಲ. ನಿನ್ನ ಮುಖ ನೋಡುವ ಧೈರ್ಯ ಇರಲಿಲ್ಲ. ಒಂದು ವರ್ಷ ಹೋಯಿತು, ಎರಡು ವರ್ಷ ಹೋಯಿತು, ಆಮೇಲೆ ತಪ್ಪು ಒಪ್ಪಿಕೊಳ್ಳುವುದಕ್ಕಿಂತ ಬೆನ್ನು ನೋವು ಎನ್ನುವುದು ಸಲೀಸಾಯಿತು.

ಶ್ವೇತಾ ಟಿಕೆಟ್ ನೋಡುತ್ತಿದ್ದಾಳೆ. ಜುಲೈ. ನೀನು ಜೊತೆಗೆ ಬರುತ್ತೇನೆ ಎನ್ನಬೇಡ, ಒಬ್ಬನೇ ಹೋಗಬೇಕು. ಹೋಗಿ ಮಗನ ಎದುರು ನಿಂತಾಗ ಏನು ಮಾತಾಡಬೇಕು ಎಂದು ಗೊತ್ತಾಗುತ್ತಿಲ್ಲ. ಅದೊಂದನ್ನು ನೀನು ವರದಿಯಲ್ಲಿ ಬರೆಯಲಿಲ್ಲ.

ಮಹಾದೇವಸ್ವಾಮಿ


ತಿ. ನರಸೀಪುರ
೨೯ ಮೇ ೨೦೨೫

ಸ್ವಾಮಣ್ಣ,

ಮೂರು ಸಲ ಓದಿದೆ. ಕ್ಷಮಿಸಿದ್ದೇನೆ ಎಂದು ಬರೆಯಲು ಕೂತರೆ ಕೈ ಮುಂದಕ್ಕೆ ಹೋಗುವುದಿಲ್ಲ, ಸುಳ್ಳು ಬರೆಯಲಾರೆ. ಅದು ಬರುವಾಗ ಬರಲಿ. ಆದರೆ ಟಿಕೆಟ್ ವಿಷಯ ಓದಿ ಮಲ್ಲಾಜಮ್ಮನನ್ನು ಕೂಗಿ ಕರೆದೆ. ಅವಳು ಕೈ ಒರೆಸಿಕೊಂಡು ಬಂದು ನಿಂತು ಕೇಳಿ, “ಓಗ್ಲಿ ಬುಡಿ, ಆ ಮಗಾ ಎಷ್ಟು ದಿನ ಕಾಯ್ತದೆ” ಎಂದಳು. ನಾನು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಸಂತೋಷಕ್ಕೆ ಕಣೋ.

ಈಗ ಕಿವಿಗೊಟ್ಟು ಕೇಳು. ಹಳದಿ ಜ್ವರದ ಚುಚ್ಚುಮದ್ದಿಗೆ ಮೊದಲು ನಿನ್ನ ಡಾಕ್ಟರರನ್ನು ಕೇಳು, ನಮ್ಮ ವಯಸ್ಸಿನವರಿಗೆ ಯೋಚನೆ ಮಾಡಿ ಕೊಡುತ್ತಾರೆ. ಶಾಕಾಹಾರ ಎಂದು ಟಿಕೆಟ್ಟಿನಲ್ಲೇ ಬರೆಸು. ಎರಡನೇ ವಿಮಾನದಲ್ಲಿ ಯಾರಾದರೂ ಲೋಟ ಕುಕ್ಕಿದರೆ ಜಗಳ ತೆಗೆಯಬೇಡ. ಡ್ರೈವರ್ ಕೋಣೆಯೊಳಗೆ ಇಣುಕಬೇಡ, ಅಲ್ಲಿಗೆ ಬಿಡುವುದಿಲ್ಲ. ಮಗನ ಎದುರು ಏನು ಮಾತಾಡಬೇಕು ಎಂದು ನನಗೂ ಗೊತ್ತಿಲ್ಲ. ಮಾತು ಬರದಿದ್ದರೆ ಸುಮ್ಮನೆ ನಿಲ್ಲು. ಅವನೂ ಹಾಗೆಯೇ ನಿಲ್ಲುತ್ತಾನೆ, ನಾನು ನೋಡಿದ್ದೇನೆ.

ರಾಚಯ್ಯ


ಎನ್‌ಡೋಲಾ
೧೩ ಜುಲೈ ೨೦೨೫

ರಾಚ,

ಬಂದು ನಾಲ್ಕು ದಿನವಾಯಿತು. ವರದಿ ಒಪ್ಪಿಸುತ್ತೇನೆ. ಮೊದಲನೆಯದಕ್ಕೆ ನೀನು ಎಂಟು ಕೊಟ್ಟದ್ದು ಜಾಸ್ತಿ. ದಿಂಬು ಎರಡು ಕೊಟ್ಟರು, ಸರಿ, ಆದರೆ ಇಳಿಸುವಾಗ ಎಡಕ್ಕೆ ವಾಲಿಸಿದ, ನಿನಗೆ ತಿಳಿಯಲಿಲ್ಲ ಅಷ್ಟೇ. ಎರಡನೆಯದರ ಸೀಟು ನಿಜವಾಗಿಯೂ ಚೆನ್ನಾಗಿದೆ. ಸಿಬ್ಬಂದಿಯೂ ಮುಖ ಗಂಟು ಹಾಕಿರಲಿಲ್ಲ, ನೀನು ಕೆಟ್ಟ ದಿನ ಹತ್ತಿದ್ದೆ. ಲಿಲಾಂಗ್ವೆಯಲ್ಲಿ ಬೆಲ್ಟ್ ಬಿಚ್ಚಲೇ ಇಲ್ಲ. ನಾಲ್ಕನೆಯದರಲ್ಲಿ ಡ್ರೈವರ್ ಗಂಡಸು, ಸುಮಾರು. ಬೆನ್ನು ನೋಯಿತು, ಎದ್ದು ನಿಂತೆ, ಮತ್ತೆ ಕೂತೆ. ಸಾಯಲಿಲ್ಲ.

ಊಟದ ವಿಷಯ. ಮೊದಲ ಮೂರು ವಿಮಾನದಲ್ಲೂ ಬಿಸಿ ಮಾಡಿದ ಪೊಟ್ಟಣ ತಂದಿಟ್ಟರು. ಅನ್ನ, ಬೇಳೆ, ಏನೋ ಪಲ್ಯ. ಎಲ್ಲ ತಿಂದೆ. ಮೂರನೆಯದರಲ್ಲಿ ತಿನ್ನುವಾಗ ತಲೆಗೆ ಬಂತು, ಇದನ್ನು ಯಾವ ಊರಿನಲ್ಲಿ, ಯಾರು, ಯಾವ ಪಾತ್ರೆಯಲ್ಲಿ ಬೇಯಿಸಿದರೋ, ನಾನು ಒಂದು ಮಾತೂ ಕೇಳಲಿಲ್ಲವಲ್ಲ ಎಂದು. ಆಗ ತುತ್ತು ನುಂಗುವುದು ಸ್ವಲ್ಪ ತಡವಾಯಿತು. ಮೈಲಿಗೆ ಅಂತಲ್ಲ, ನಾಚಿಕೆಯಿಂದ.

ಅಮೃತೇಶ ವಿಮಾನ ನಿಲ್ದಾಣದ ಬಾಗಿಲ ಹೊರಗೆ ನಿಂತಿದ್ದ. ದಪ್ಪವಾಗಿದ್ದಾನೆ, ಕನ್ನಡಕ ಬಂದಿದೆ. ನೀನು ಹೇಳಿದ ಹಾಗೆ ಇಬ್ಬರೂ ಸುಮ್ಮನೆ ನಿಂತೆವು. ಕೊನೆಗೆ ಅವನು, “ಬೆನ್ನು ಎಂಗದೆ ಅಪ್ಪಾ?” ಎಂದ. ನಾನು, “ತಪ್ಪಾಯ್ತು ಕಣೋ ಮಗಾ” ಎಂದೆ. ದಾರಿಯುದ್ದಕ್ಕೂ ಯೋಚಿಸಿದ್ದ ಮಾತು ಯಾವುದೂ ಬರಲಿಲ್ಲ, ಇದೊಂದೇ ಬಂತು. ಅವನು ನನ್ನ ಎದೆಗೆ ತಲೆ ಇಟ್ಟ.

ಮಗು ಕೋಮಲ ನನ್ನ ಮೂಗು ಹಿಡಿದು ಬಿಡುವುದಿಲ್ಲ. ಸಾಕು, ಮಿಕ್ಕಿದ್ದು ನಿನಗೆ ಗೊತ್ತಿದೆ.

ಮೊದಲ ದಿನ ಊಟಕ್ಕೆ ಕೂತಾಗ ಬಿಂದುಶ್ರೀ ನನ್ನ ಮುಂದೆ ಹೊಸ ತಟ್ಟೆ, ಹೊಸ ಲೋಟ ಇಟ್ಟಳು. ತಟ್ಟೆಯ ತಳದಲ್ಲಿ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. “ಇದ್ಯಾಕಮ್ಮ ಒಸದು?” ಎಂದೆ. ಅವಳು ಮೆಲ್ಲಗೆ, “ನಿಮಗೆ ಅಂತ್ಲೇ ತಂದಿದ್ದು ಮಾವ. ಅಡುಗೆನೂ ಬೇರೆ ಪಾತ್ರೆಲೇ ಮಾಡಿದೀನಿ” ಎಂದಳು. ಅದರಲ್ಲಿ ಕೋಪ ಇರಲಿಲ್ಲ ರಾಚ. ಚುಚ್ಚುಮಾತೂ ಅಲ್ಲ. ನಾನು ಬಂದರೆ ಹೀಗೇ ಬೇಕಾಗುತ್ತದೆ ಎಂದು ತಿಳಿದು, ನನಗೆ ಮುಜುಗರ ಆಗದಿರಲಿ ಎಂದು ಮಾಡಿದ್ದಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ನಿಮ್ಮಪ್ಪ ಬಂದಾಗ ಯಾವ ತಟ್ಟೇಲಿ ಉಂಡ?” ಎಂದು ಕೇಳಿದೆ. ಅಂಚು ಸ್ವಲ್ಪ ಬಗ್ಗಿದ ಒಂದನ್ನು ತೋರಿಸಿದಳು. “ಅದ್ನೇ ಕೊಡವ್ವ” ಎಂದೆ. ಅದರಲ್ಲೇ ಉಂಡೆ, ಅವರ ಪಾತ್ರೆಯಲ್ಲಿದ್ದದ್ದನ್ನೇ ಬಡಿಸಿಕೊಂಡೆ. ಅಮೃತೇಶ ನೀರು ತರುತ್ತೇನೆ ಎಂದು ಎದ್ದು ಒಳಗೆ ಹೋದ. ನೀರು ಅಲ್ಲೇ ಮುಂದೆ ಇತ್ತು.

ಆ ರಾತ್ರಿಯಿಂದ ಒಂದೇ ಯೋಚನೆ. ಇಪ್ಪತ್ತೆರಡು ವರ್ಷ ಮಧ್ಯಾಹ್ನದ ಟ್ರಿಪ್ಪಿಗೆ ಮೊದಲು ನಾವಿಬ್ಬರೂ ಒಂದೇ ಮರದ ಕೆಳಗೆ ಊಟ ಮಾಡಿದ್ದೇವೆ. ನನ್ನ ಡಬ್ಬಿಯಿಂದ ನಿನಗೆ ಕೊಡುತ್ತಿದ್ದೆ, ಕೊಟ್ಟು ದೊಡ್ಡ ಮನಸ್ಸಿನವನು ಎಂದುಕೊಳ್ಳುತ್ತಿದ್ದೆ. ನಿನ್ನ ಡಬ್ಬಿಗೆ ಒಂದು ದಿನವೂ ಕೈ ಹಾಕಲಿಲ್ಲ. ಮಾಂಸ ಇದ್ದೀತು ಎಂಬುದು ನೆಪ, ನಿಮ್ಮ ಮನೆಯಲ್ಲಿ ಮಾಂಸ ಮಾಡದ ಸೋಮವಾರವೂ ಕೇಳಲಿಲ್ಲ. ಮೊದಮೊದಲು ನೀನು ಮುಂದೆ ಹಿಡಿಯುತ್ತಿದ್ದೆ, ಆಮೇಲೆ ಬಿಟ್ಟುಬಿಟ್ಟೆ. ಯಾವಾಗ ಬಿಟ್ಟೆ ಎಂದು ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ನಿನಗೆ ನೆನಪಿರುತ್ತದೆ.

ಆಗಸ್ಟ್ ಹದಿನಾಲ್ಕಕ್ಕೆ ಊರಿಗೆ ಬರುತ್ತೇನೆ. ಮಾರನೇ ದಿನ ಬೆಳಗಿನ ಬಸ್ಸಿಗೆ ನಿಮ್ಮ ಮನೆಗೆ. ಮಲ್ಲಾಜಮ್ಮನಿಗೆ ಹೇಳು, ನನಗಾಗಿ ವಿಶೇಷವಾಗಿ ಏನೂ ಮಾಡುವುದು ಬೇಡ. ಆಗ ನಿನ್ನ ಡಬ್ಬಿಯಲ್ಲಿ ಏನಿರುತ್ತಿತ್ತೋ ಅದು ಸಾಕು.

ಮಹಾದೇವಸ್ವಾಮಿ